ರಜೆ ಮುಗಿದ ಮೇಲಿನ ರಕ್ತ

ವರ್ಷದ ಕೊನೆಯ ಹತ್ತು ದಿನದ ರಜೆ ಮುಗಿದು ಊರು ಮತ್ತೆ ಕೆಲಸಕ್ಕೆ ಹೊರಟಿತೆಂದರೆ ನಮ್ಮ ಲ್ಯಾಬಿನ ಮೆಟ್ಟಿಲ ಮೇಲೆ ಸಾಲು ಶುರು. ಬೆಳಿಗ್ಗೆ ಆರೂವರೆಗೆ ನಾನು ಶಟರ್ ಎತ್ತುವ ಹೊತ್ತಿಗೇ ಹತ್ತು ಹನ್ನೆರಡು ಜನ ಖಾಲಿ ಹೊಟ್ಟೆಯಲ್ಲಿ, ತಪ್ಪು ಮಾಡಿ ಸಿಕ್ಕಿಬಿದ್ದ ಮುಖ ಹೊತ್ತು ನಿಂತಿರುತ್ತಾರೆ. ಎಲ್ಲರದೂ ಒಂದೇ ರಾಗ: "ಏನೂ ತಿಂದಿಲ್ಲ ಮೇಡಂ, ಒಂಚೂರು ಕೇಕ್ ಅಷ್ಟೇ." ಅಯ್ಯೋ, ಇಪ್ಪತ್ತೆರಡು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತು ಜನರ ತೋಳಿಗೆ ಸೂಜಿ ಚುಚ್ಚುತ್ತಿದ್ದೇನೆ. ನನ್ನ ಮುಂದೆ ಸುಳ್ಳು ಹೇಳಿ ಏನು ಬಂತು?

ರಕ್ತದ ಟ್ಯೂಬನ್ನು ಯಂತ್ರದಲ್ಲಿಟ್ಟು ಹತ್ತು ನಿಮಿಷ ಗಿರ್ರನೆ ತಿರುಗಿಸಿದರೆ ಕೆಂಪು ತಳಕ್ಕೆ ಕೂರುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಸಾಮಾನ್ಯವಾಗಿ ಆ ತಿಳಿ ತೆಳು ಹಳದಿ. ಅದರ ಹಿಂದೆ ಪೇಪರು ಹಿಡಿದರೆ ಅಕ್ಷರ ಓದಬಹುದು. ಆದರೆ ಬೆಣ್ಣೆ, ಕರಿದದ್ದು, ಸಿಹಿ, ಮೇಲಿಂದ ಕುಡಿತ ಅಂತ ಹತ್ತು ದಿನ ಮೂರು ಹೊತ್ತೂ ಜಡಿದವರ ತಿಳಿ ನೀರು ಬೆರೆಸಿದ ಹಾಲಿನ ಹಾಗೆ ಬೆಳ್ಳಗಿರುತ್ತದೆ. ಲ್ಯಾಬಿನಲ್ಲಿ ನಾವು ಅದನ್ನು ಹಾಲು ಎಂದೇ ಕರೆಯುವುದು. ಆ ವಾರವೆಲ್ಲ "ಇವತ್ತು ಎಷ್ಟು ಲೀಟರ್ ಆಯ್ತು?" ಎಂದು ಒಬ್ಬರನ್ನೊಬ್ಬರು ಕೇಳಿ ನಗುತ್ತಿದ್ದೆವು.

ಆ ವಾರ ಕೊಲೆಸ್ಟ್ರಾಲ್ ಏರಿದ್ದವರ ರಿಪೋರ್ಟಿನ ಮೂಲೆಯಲ್ಲಿ ಪೆನ್ಸಿಲಿನಿಂದ 'ರಜೆ' ಎಂದು ಬರೆಯುವುದು ನಾನೇ ಶುರು ಮಾಡಿದ ಪದ್ಧತಿ. ಮೇಲಿನ ಮಹಡಿಯಲ್ಲಿ ಕೂರುವ ಡಾಕ್ಟರು ಅದನ್ನು ನೋಡಿದರೆ ಸಾಕು, "ಬಾಯಿ ಕಟ್ಟಿ, ಆರು ವಾರ ಬಿಟ್ಟು ಬನ್ನಿ" ಎಂದು ಕಳಿಸಿಬಿಡುತ್ತಿದ್ದರು. ಮುಕ್ಕಾಲು ಪಾಲು ಜನರದು ಆರು ವಾರದಲ್ಲಿ ತಾನಾಗಿ ಇಳಿದಿರುತ್ತಿತ್ತು. ವರ್ಷ ವರ್ಷವೂ ನನ್ನ ಮಾತೇ ನಿಜವಾಗಿ ನನಗೆ ಸೊಕ್ಕು ಬಂದಿತ್ತು. ಈಗ ಹಾಗನಿಸುತ್ತದೆ. ಆಗ ಅದನ್ನು ಅನುಭವ ಅಂದುಕೊಂಡಿದ್ದೆ.

ಈ ವರ್ಷ ಆ ಸಾಲಿನಲ್ಲಿ ನನ್ನ ತಮ್ಮನೂ ನಿಂತಿದ್ದ.

ಅವನು ಲಿಫ್ಟ್ ಮೆಕ್ಯಾನಿಕ್. ನಲವತ್ತೊಂದು ವರ್ಷ. ಎಷ್ಟು ತಿಂದರೂ ಮೈಗೆ ಹತ್ತದ ದೇಹ. ಚಿಕ್ಕಂದಿನಿಂದ ಮನೆಯಲ್ಲಿ ಎಲ್ಲರೂ ಅವನನ್ನು ಕಡ್ಡಿ ಎಂದೇ ಕರೆಯುವುದು. ಅವನ ಕಂಪನಿಯವರು ಮೂರು ವರ್ಷದಿಂದ ವರ್ಷಕ್ಕೊಮ್ಮೆ ಎಲ್ಲರ ರಕ್ತ ಪರೀಕ್ಷೆ ಮಾಡಿಸುತ್ತಿದ್ದಾರೆ. ಎರಡು ವರ್ಷ ಏನೇನೋ ನೆಪ ಹೇಳಿ ತಪ್ಪಿಸಿಕೊಂಡಿದ್ದವನನ್ನು ಈ ಸಲ ಬಿಡಲಿಲ್ಲ. ಟೂಲ್ ಬ್ಯಾಗನ್ನು ಹೆಗಲಿಗೇರಿಸಿಕೊಂಡೇ ಬಂದು ಕುರ್ಚಿಯಲ್ಲಿ ಕೂತ.

"ಹತ್ತು ದಿನ ನೀನೇ ತುರುಕಿದ್ದು, ಈಗ ನೀನೇ ವಾಪಸ್ ಎಳ್ಕೊಳ್ತಿದೀಯ. ಇದ್ಯಾವ ನ್ಯಾಯ ಅಕ್ಕ?" ಎಂದ.

"ಬಾಯ್ಮುಚ್ಕೊಂಡು ಮುಷ್ಟಿ ಬಿಗಿ ಹಿಡಿ," ಎಂದೆ.

ತುರುಕಿದ್ದು ನಿಜ. ಅಮ್ಮ ಮತ್ತು ನಾನು ಒಂದು ಮನೆಯಲ್ಲಿದ್ದೇವೆ; ತಮ್ಮ, ಅವನ ಹೆಂಡತಿ, ಹತ್ತು ವರ್ಷದ ಮಗಳು ಪುಟ್ಟಿ ಎರಡು ಬೀದಿ ಆಚೆ. ರಜೆ ಬಂತೆಂದರೆ ಹತ್ತೂ ದಿನ ಅವರ ಊಟ ನಮ್ಮಲ್ಲೇ. ಅಡುಗೆ ನನ್ನದು, ಬಡಿಸುವುದೂ ನಾನೇ. ರಜೆಯ ಊಟಕ್ಕೆ ಅಮ್ಮ ಸೌಟು ಮುಟ್ಟುವುದಿಲ್ಲ. ಅದಕ್ಕೆ ಕಾರಣ ಅಪ್ಪ.

ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಮೆಷಿನ್ ನಡೆಸುತ್ತಿದ್ದರು. ತಮ್ಮನ ಹಾಗೇ ಸಣಕಲು. ನನಗೆ ಹದಿನಾರು, ತಮ್ಮನಿಗೆ ಹನ್ನೊಂದು ವರ್ಷವಾಗಿದ್ದಾಗ ಇಂಥದ್ದೇ ಒಂದು ರಜೆಯ ಮೂರನೇ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅಪ್ಪ ಸಾಕು ಸಾಕು ಎಂದು ತಟ್ಟೆಗೆ ಕೈ ಅಡ್ಡ ಹಿಡಿದರು. ಅಮ್ಮ ಆ ಕೈ ಸರಿಸಿ, "ನಂಗೋಸ್ಕರ ಇಷ್ಟು" ಎಂದು ಮೂರನೇ ಸಲ ಬಡಿಸಿದಳು. ಅಪ್ಪ ನಗುತ್ತಾ ಅದನ್ನೂ ತಿಂದು ಕೈ ತೊಳೆಯಲು ಎದ್ದುಹೋದವರು ನಲ್ಲಿಯ ಕೆಳಗೇ ಕುಸಿದರು. ಅವರಿಗೆ ನಲವತ್ತಮೂರು. ಮಾರನೆಯ ದಿನ ಮನೆ ತುಂಬ ಜನ ಸೇರಿದ್ದಾಗ ನಮ್ಮಜ್ಜಿ, ಅಂದರೆ ಅಪ್ಪನ ತಾಯಿ, ಎಲ್ಲರ ಮುಂದೆ ಅಮ್ಮನಿಗೆ ಅಂದುಬಿಟ್ಟಳು: "ತಿನ್ನಿಸಿ ತಿನ್ನಿಸಿ ಕೊಂದೆಯಲ್ಲೇ ನನ್ನ ಮಗನ್ನ."

ಅಜ್ಜಿ ಸತ್ತು ಎಷ್ಟೋ ಕಾಲವಾಯಿತು, ಆ ಮಾತು ಸಾಯಲಿಲ್ಲ. ಮೂವತ್ತು ವರ್ಷದಿಂದ ರಜೆಯ ಊಟದ ಹೊತ್ತಿಗೆ ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂರುತ್ತಾಳೆ. ಕಣ್ಣು ಮಾತ್ರ ತಮ್ಮನ ತಟ್ಟೆಯ ಮೇಲೆ. "ಸಾಕು ಬಿಡೇ, ಅವನಿಗೆ ಸಾಕು" ಎನ್ನುತ್ತಲೇ ಇರುತ್ತಾಳೆ. ತಮ್ಮನಿಗೆ ನಲವತ್ತು ದಾಟಿದ ಮೇಲಂತೂ ಆ ಕಣ್ಣಿನಲ್ಲಿ ಲೆಕ್ಕ ನಡೆಯುತ್ತಿತ್ತು: ನಲವತ್ತಮೂರಕ್ಕೆ ಇನ್ನೆಷ್ಟು ಉಳಿಯಿತು ಎಂದು. ನನಗೆ ಅದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಊಟದಿಂದ ಯಾರೂ ಸಾಯುವುದಿಲ್ಲ, ನಾನು ಲ್ಯಾಬಿನಲ್ಲಿರುವವಳು, ನನಗೆ ಗೊತ್ತು ಎಂದು ಎಷ್ಟು ಸಲ ಗಂಟಲು ಹರಿದುಕೊಂಡಿದ್ದೇನೆ. ಅವಳು ಸಾಕು ಎಂದಷ್ಟೂ ನಾನು ಹಟಕ್ಕೆ ಬಿದ್ದು ಇನ್ನೊಂದು ಸೌಟು ಹಾಕುತ್ತಿದ್ದೆ. ತಮ್ಮ ತಿಂದು ತೇಗಿ ಗುಂಡುಕಲ್ಲಿನ ಹಾಗೆ ಎದ್ದುಹೋಗುವುದನ್ನು ಅವಳು ನೋಡಲಿ, ಆ ಭಾರ ಇಳಿಸಲಿ ಎಂದೇ ಹಾಗೆ ಮಾಡಿದ್ದು.

ಸರಿ, ತಮ್ಮನ ಟ್ಯೂಬು ತಿರುಗಿಸಿ ತೆಗೆದೆ. ಬೆಳಕಿಗೆ ಹಿಡಿದರೆ ತಿಳಿ ಚೊಕ್ಕವಾಗಿತ್ತು. ತೆಳು ಹಳದಿ, ಒಂದು ಹನಿ ಹಾಲಿಲ್ಲ. ಭೇಷ್ ಎಂದುಕೊಂಡು ಅಳೆಯುವ ಯಂತ್ರಕ್ಕಿಟ್ಟೆ. ಅರ್ಧ ಗಂಟೆಯ ಮೇಲೆ ಹಾಳೆ ಹೊರಗೆ ಬಂತು. ಕೆಟ್ಟ ಕೊಲೆಸ್ಟ್ರಾಲು ನೂರರ ಆಸುಪಾಸಿನಲ್ಲಿ ಇರಬೇಕಾದ್ದು ಇನ್ನೂರ ಅರವತ್ತೆರಡು.

ಇಲ್ಲಿ ನಾನು ನಿಲ್ಲಬೇಕಿತ್ತು. ರಜೆಯಲ್ಲಿ ತಿಂದದ್ದರಿಂದ ಅಂಕಿ ಇಪ್ಪತ್ತು ಮೂವತ್ತು ಏರಬಹುದು, ತಿಳಿ ಬೆಳ್ಳಗಾಗಬಹುದು. ಇವನದು ತಿಳಿ ಚೊಕ್ಕ, ಅಂಕಿ ಮಾತ್ರ ಆಕಾಶದಲ್ಲಿ. ಬೇರೆ ಯಾರದಾದರೂ ಆಗಿದ್ದರೆ ಎರಡು ನಿಮಿಷ ಕೂತು ಯೋಚಿಸುತ್ತಿದ್ದೆನೋ ಏನೋ. ಆದರೆ ಯಂತ್ರ ಸರಿಯಿದೆಯೇ ಎಂದು ನೋಡಲು ನಾವು ಆಗಾಗ ನಮ್ಮದೇ ರಕ್ತ ಹಾಕುತ್ತೇವೆ. ನನ್ನದು ಯಾವತ್ತೂ ನೂರು ದಾಟಿದ್ದಿಲ್ಲ. ನನ್ನದು ಸರಿಯಿದ್ದರೆ ನಮ್ಮ ಮನೆಯದೇ ಸರಿ ಎಂದು ನಂಬಿಕೊಂಡಿದ್ದೆ. ಮೂರು ಮೂರು ಸಲ ಬಡಿಸಿದ್ದು ನಾನೇ, ಏರಿರುವುದೂ ಅದಕ್ಕೇ. ಪೆನ್ಸಿಲ್ ತೆಗೆದು ಮೂಲೆಯಲ್ಲಿ 'ರಜೆ' ಎಂದು ಬರೆದೆ.

ಡಾಕ್ಟರು ಹಾಳೆ ನೋಡಿ ಕನ್ನಡಕ ಹಣೆಗೇರಿಸಿದರು. "ಏನಮ್ಮ, ಇದು ತೀರಾ ಜಾಸ್ತಿ ಆಯ್ತಲ್ಲ. ಮಾತ್ರೆ ಶುರು ಮಾಡೋಣ."

"ಸಾರ್, ಹತ್ತು ದಿನಾನೂ ನಮ್ಮನೇಲೇ ತಿಂದಿದಾನೆ. ನಾನೇ ಬಡಿಸಿದೀನಿ. ಮಾತ್ರೆ ಶುರು ಮಾಡಿದ್ರೆ ಜೀವನಪೂರ್ತಿ ಅಂತೀರ. ಆರು ವಾರ ನೋಡೋಣ."

"ನಿಮ್ಮ ತಂದೆ ಏನಾಗಿ ತೀರ್ಕೊಂಡ್ರು?"

ನನ್ನ ಬಾಯಿಂದ ಏನು ಬಂತು ಗೊತ್ತೇ? "ಊಟ ಜಾಸ್ತಿ ಆಗಿತ್ತು ಸಾರ್. ತಿಂದು ಎದ್ದಾಗ ಹೋದ್ರು." ಮೂವತ್ತು ವರ್ಷ ಯಾವ ಮಾತಿನ ಜೊತೆ ಜಗಳವಾಡಿದ್ದೆನೋ ಅದನ್ನೇ, ಅಜ್ಜಿಯ ಮಾತನ್ನೇ, ಡಾಕ್ಟರಿಗೆ ಕಾರಣ ಅಂತ ಒಪ್ಪಿಸಿದೆ. ಎಷ್ಟು ವಯಸ್ಸಿಗೆ ಎಂದು ಅವರು ಕೇಳಲಿಲ್ಲ, ಹೊರಗೆ ಜನ ಗದ್ದಲ ಮಾಡುತ್ತಿದ್ದರು. ನಾನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಮಾತ್ರೆಯ ಭಯವಿರಲಿಲ್ಲ. ತಮ್ಮ ಮಾತ್ರೆ ನುಂಗಲು ಶುರು ಮಾಡಿದರೆ ಅಮ್ಮ ನನ್ನನ್ನು ಹೇಗೆ ನೋಡುತ್ತಾಳೆ ಎನ್ನುವುದೇ ಭಯ.

"ಆಯ್ತು, ಆರು ವಾರ. ಒಂದು ದಿನ ಜಾಸ್ತಿ ಇಲ್ಲ," ಎಂದರು ಡಾಕ್ಟರು.

ಅಮ್ಮನಿಗೆ ನಾನು ಹೇಳಲಿಲ್ಲ, ತಮ್ಮನೇ ಬಾಯಿಬಿಟ್ಟ. ಅವಳು ಕಿರುಚಾಡಲಿಲ್ಲ. ನನ್ನನ್ನೊಮ್ಮೆ ನೋಡಿದಳು, ಅಷ್ಟೇ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಮಾರನೆಯ ದಿನದಿಂದ ಅಡುಗೆಮನೆ ಅವಳ ವಶವಾಯಿತು. ಬೆಳಿಗ್ಗೆ ಐದಕ್ಕೇ ಎದ್ದು ಎಣ್ಣೆ ಮುಟ್ಟಿಸದೆ ತರಕಾರಿ, ಬೇಳೆಕಾಳು ಬೇಯಿಸಿ ಡಬ್ಬಿ ಕಟ್ಟಿ, ಎರಡು ಬೀದಿ ನಡೆದುಹೋಗಿ ತಮ್ಮನ ಕೈಗೇ ಕೊಟ್ಟುಬರುತ್ತಿದ್ದಳು. ಅರವತ್ತೆಂಟು ವರ್ಷದ ಮಂಡಿನೋವಿನ ಹೆಂಗಸು. ನಾನು ತಲುಪಿಸುತ್ತೇನೆ ಕೊಡು ಎಂದರೆ, "ಬೇಡ, ನೀನು ಕೊಟ್ಟಿದ್ದು ಸಾಕು" ಎಂದಳು. ಆ ಮಾತು ನನಗೆ ನಾಟಿತು.

ತಮ್ಮನೂ ಹಟಕ್ಕೆ ಬಿದ್ದ. ಹೆಂಡತಿ ಒಂದು ಬಿಸ್ಕತ್ತು ಕೊಟ್ಟರೂ ಮುಟ್ಟಲಿಲ್ಲವಂತೆ. ಪುಟ್ಟಿ ಕ್ಯಾಲೆಂಡರಿನಲ್ಲಿ ಒಂದೊಂದೇ ದಿನಕ್ಕೆ ಕಾಟು ಹಾಕುತ್ತಿದ್ದಳು. "ಮೈ ಬಗ್ಗಿಸಿ ವ್ಯಾಯಾಮ ಮಾಡು, ಎಲ್ಲ ಕರಗತ್ತೆ" ಎಂದು ನಾನೇ ಹೇಳಿದ್ದೆ. ಅವನು ನನ್ನ ಮಾತನ್ನು ವೇದವಾಕ್ಯ ಮಾಡಿಕೊಂಡ. ಲಿಫ್ಟ್ ರಿಪೇರಿ ಮಾಡುವವನು ಲಿಫ್ಟ್ ಹತ್ತುವುದನ್ನೇ ಬಿಟ್ಟ. ಲಿಫ್ಟಿನ ಮೋಟಾರು ಇರುವುದು ಕಟ್ಟಡದ ನೆತ್ತಿಯ ಮೇಲಿನ ಕೋಣೆಯಲ್ಲಿ. ಅಲ್ಲಿಗೆ ಟೂಲ್ ಬ್ಯಾಗ್ ಹೊತ್ತು ಮೆಟ್ಟಿಲು ಹತ್ತಿಯೇ ಹೋಗುತ್ತಿದ್ದನಂತೆ. ಜೊತೆಯ ಮೆಕ್ಯಾನಿಕ್‌ಗಳು ಹುಚ್ಚು ಹಿಡಿದಿದೆ ಎಂದು ಆಡಿಕೊಂಡರಂತೆ. ಫೋನಿನಲ್ಲಿ ಇದನ್ನೆಲ್ಲ ಹೇಳಿ ನಗುತ್ತಿದ್ದ, ನಾನು ಭೇಷ್ ಭೇಷ್ ಎನ್ನುತ್ತಿದ್ದೆ.

ಸರಿಯಾಗಿ ಆರು ವಾರಕ್ಕೆ, ಸೋಮವಾರ ಬೆಳಿಗ್ಗೆ, ಕುಣಿದುಕೊಂಡು ಬಂದ. ಕುರ್ಚಿಯಲ್ಲಿ ಕೂರುವ ಮೊದಲು ಅಂಗಿ ಎತ್ತಿ ಬೆಲ್ಟ್ ತೋರಿಸಿದ.

"ನೋಡಕ್ಕ, ಎರಡು ತೂತು ಒಳಗೆ! ಮೊದಲೇ ಕಡ್ಡಿ, ಈಗ ಬೆಂಕಿಕಡ್ಡಿ. ಇವತ್ತು ಅಂಕಿ ಇಳಿದಿಲ್ಲ ಅಂದ್ರೆ ನಿನ್ನ ಮೆಷಿನ್ನೇ ಸರಿಯಿಲ್ಲ."

"ಆಯ್ತಪ್ಪ ಮಹಾರಾಯ, ತೋಳು ಕೊಡು." ತೋಳಿಗೆ ಪಟ್ಟಿ ಬಿಗಿದೆ. "ಇವತ್ತೂ ಮೆಟ್ಟಿಲೇನಾ?"

"ಹೂಂ, ಹದಿನಾಲ್ಕು ಮಹಡಿ. ಎಂಟನೇದು ದಾಟಿದ ಮೇಲೆ ಇಲ್ಲಿ ಸ್ವಲ್ಪ ಹಿಡಿದ ಹಾಗಾಗತ್ತೆ," ಎಂದು ಬಿಟ್ಟಿದ್ದ ಕೈಯಿಂದ ಎದೆಯ ನಡುಮಧ್ಯ ಒತ್ತಿ ತೋರಿಸಿದ. "ಎರಡು ನಿಮಿಷ ನಿಂತ್ರೆ ಹೋಗತ್ತೆ. ಅಮ್ಮ ಬೇಯ್ಸಿದ ಕಾಳು ತಿಂದು ತಿಂದು ಗ್ಯಾಸು."

ಸೂಜಿ ಹಿಡಿದಿದ್ದ ಕೈ ಅಲ್ಲೇ ನಿಂತಿತು. "ಯಾವಾಗಿಂದ ಹೀಗೆ?"

"ಮೂರು ವಾರ ಆಯ್ತೇನೋ."

"ಹೇಳಕ್ಕೇನಾಗಿತ್ತೋ ನಿಂಗೆ ದರಿದ್ರದವನೇ?"

"ಹೇಳಿದ್ರೆ ನೀನು ಮೆಟ್ಟಿಲು ಬಿಡಿಸಿಬಿಡ್ತಿದ್ದೆ. ಅಂಕಿ ಇಳೀಬೇಕಲ್ಲಕ್ಕ? ಅಮ್ಮನ ಮುಖ ನೋಡಕ್ಕಾಗಲ್ಲ ನಂಗೆ."

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನನಗೆ ರಕ್ತನಾಳ ಸಿಗಲಿಲ್ಲ. ಎರಡನೇ ಸಲ ಚುಚ್ಚಬೇಕಾಯಿತು. ಅವನು ಹತ್ತಿ ಒತ್ತಿ ಹಿಡಿದುಕೊಂಡು ಟೂಲ್ ಬ್ಯಾಗಿಗೆ ಕೈ ಚಾಚಿ, ಹೊರಡುತ್ತೇನೆ, ಯಾವುದೋ ಕಟ್ಟಡದಲ್ಲಿ ಲಿಫ್ಟ್ ನಿಂತುಹೋಗಿದೆ, ಜನ ಕಾಯುತ್ತಿದ್ದಾರೆ ಎಂದ. ನಾನು ಬ್ಯಾಗನ್ನು ಮೇಜಿನ ಕೆಳಗೆ ತಳ್ಳಿ ಅದರ ಮೇಲೆ ಎರಡೂ ಕಾಲಿಟ್ಟು ಕೂತೆ. "ಅಲ್ಲಾಡಿದ್ರೆ ಕಾಲು ಮುರೀತೀನಿ. ಆ ಬೆಂಚಿನ ಮೇಲೆ ಕೂತ್ಕೋ," ಎಂದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ.

ಅವನ ಟ್ಯೂಬನ್ನು ಎಲ್ಲರಿಗಿಂತ ಮೊದಲು ತಿರುಗಿಸಿದೆ. ಆ ಹತ್ತು ನಿಮಿಷ ಯಂತ್ರದ ಮುಚ್ಚಳದ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದೆ. ತೆಗೆದು ಬೆಳಕಿಗೆ ಹಿಡಿದರೆ ತಿಳಿ ಚೊಕ್ಕ. ಆರು ವಾರದ ಹಿಂದೆಯೂ ಹೀಗೇ ಇತ್ತಲ್ಲ, ಥೇಟ್ ಹೀಗೇ, ಎಂದು ಆಗ ಹೊಳೆಯಿತು. ರಜೆಯಲ್ಲಿ ತಿಂದದ್ದು ಆ ರಕ್ತದಲ್ಲಿ ಅವತ್ತೂ ಕಂಡಿರಲಿಲ್ಲ. ಕಾಣದೇ ಇದ್ದದ್ದನ್ನು ನಾನು ಪೆನ್ಸಿಲಿನಿಂದ ಬರೆದಿದ್ದೆ. ಅಂಕಿ ಬಂತು: ಇನ್ನೂರ ನಲವತ್ತೊಂಬತ್ತು. ಆರು ವಾರ ಬಾಯಿ ಕಟ್ಟಿ, ದಿನಾ ಮೆಟ್ಟಿಲು ಹತ್ತಿ, ಇಳಿದದ್ದು ಹದಿಮೂರು.

ಮೇಲಿನ ಮಹಡಿಗೆ ತಮ್ಮನನ್ನು ಲಿಫ್ಟಿನಲ್ಲೇ ಕರೆದುಕೊಂಡು ಹೋದೆ. ಎರಡೇ ಮಹಡಿಗೆ ಲಿಫ್ಟಾ ಎಂದು ಅವನು ಗೊಣಗಿದ. ಡಾಕ್ಟರ ಮುಂದೆ ಎರಡೂ ಹಾಳೆ ಇಟ್ಟು, ಎದೆ ಹಿಡಿಯುವುದನ್ನು ಹೇಳಿ, ಕೊನೆಗೆ ನಾನೇ ಹೇಳಿದೆ: "ಸಾರ್, ನಮ್ಮಪ್ಪನಿಗೆ ಆಗ ನಲವತ್ತಮೂರು ವರ್ಷ. ಅವತ್ತು ನಾನು ಅದನ್ನ ಹೇಳಲಿಲ್ಲ."

ಡಾಕ್ಟರು ನನ್ನನ್ನು ಬೈಯಲಿಲ್ಲ. ತಮ್ಮನ ಬೂಟು ಬಿಚ್ಚಿಸಿ, ಹಿಮ್ಮಡಿಯ ಮೇಲಿನ ನರವನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. ಹಗ್ಗದಷ್ಟು ದಪ್ಪ, ಅಲ್ಲಲ್ಲಿ ಗಂಟು.

"ಬೂಟು ತಾಗಿ ತಾಗಿ ಹಾಗಾಗಿದೆ ಸಾರ್," ಎಂದ ತಮ್ಮ.

"ಬೂಟಿಂದಲ್ಲಪ್ಪ. ಅಲ್ಲಿ ಕೂತಿರೋದೂ ಕೊಲೆಸ್ಟ್ರಾಲೇ. ಇದು ನೀನು ತಿಂದು ತಂದ್ಕೊಂಡಿದ್ದಲ್ಲ, ಹುಟ್ಟಿದಾಗಿಂದ ನಿನ್ನ ರಕ್ತದಲ್ಲೇ ಇದೆ. ತಂದೆಯಿಂದ ಬಂದಿರಬೇಕು. ಊಟ ಬಿಟ್ಟರೆ ಹತ್ತೋ ಹದಿನೈದೋ ಇಳಿಯತ್ತೆ, ಅಷ್ಟೇ. ಇದಕ್ಕೆ ಮಾತ್ರೆ ಬೇಕೇ ಬೇಕು." ಹಾಗೆನ್ನುತ್ತಲೇ ಅವನನ್ನು ಮಲಗಿಸಿ ಎದೆಗೆ ಇಸಿಜಿ ತಂತಿ ಅಂಟಿಸಿದರು. ಹೊರಬಂದ ಪಟ್ಟಿ ನೋಡಿ ಒಂದು ಮಾತ್ರೆ ಅಗಿಯಲು ಕೊಟ್ಟು, ಹೃದಯದ ಆಸ್ಪತ್ರೆಗೆ ಫೋನ್ ಮಾಡಿದರು. ಫೋನ್ ಇಟ್ಟ ಮೇಲೆ ಕೇಳಿದರು: "ಮಕ್ಕಳಿದ್ದಾರಾ?"

"ಒಬ್ಬಳು ಮಗಳು. ಹತ್ತು ವರ್ಷ."

"ಅವಳ ರಕ್ತಾನೂ ನೋಡಬೇಕು."

ಅಲ್ಲಿಯವರೆಗೆ ತಮಾಷೆ ಮಾಡುತ್ತಲೇ ಇದ್ದವನ ಮುಖ ಆಗ ಕರ್ರಗಾಯಿತು. ಆಂಬುಲೆನ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು, "ಹಾಗಾದ್ರೆ ಆರು ವಾರ ಕಾಳು ತಿಂದಿದ್ದು ದಂಡ ಆಯ್ತಲ್ಲಕ್ಕ" ಎಂದ. ನಗಲು ಹೋಗಿ ಆಗಲಿಲ್ಲ. ನಾನು ಅವನ ಕೈ ಹಣೆಗೊತ್ತಿಕೊಂಡು, "ನಂದು ತಪ್ಪಾಯ್ತು ಕಣೋ. ನಾನು ಅಡ್ಡ ಬರದೇ ಇದ್ದಿದ್ರೆ ಅವತ್ತೇ ಮಾತ್ರೆ ಶುರುವಾಗ್ತಿತ್ತು" ಎಂದೆ. "ಬಿಡಕ್ಕ, ನೀನು ಬ್ಯಾಗ್ ಕಿತ್ಕೊಂಡಿಲ್ದಿದ್ರೆ ಇಷ್ಟೊತ್ತಿಗೆ ಯಾವ ಮಹಡೀಲಿ ಬಿದ್ದಿರ್ತಿದ್ನೋ" ಎಂದ. ಅದನ್ನು ಕೇಳಿ ನನಗೆ ಇನ್ನಷ್ಟು ಅಳು ಬಂತು.

ಆಸ್ಪತ್ರೆಯಲ್ಲಿ ಕೈಯ ನಾಳದೊಳಗಿಂದ ಹೃದಯದವರೆಗೆ ನಳಿಕೆ ಹಾಯಿಸಿ ನೋಡಿದರು. ಎರಡು ಕಡೆ ಕಟ್ಟಿಕೊಂಡಿತ್ತು, ಒಂದು ಕಡೆಯಂತೂ ಕೂದಲೆಳೆಯಷ್ಟು ದಾರಿ ಉಳಿದಿತ್ತು. ಒಂದನ್ನು ಅಲ್ಲೇ ಬಿಡಿಸಿದರು, ಇನ್ನೊಂದನ್ನು ನಾಡಿದ್ದು ಬಿಡಿಸುತ್ತೇವೆ ಎಂದರು. ಸಮಯಕ್ಕೆ ಬಂದಿರಿ ಎಂದರು ಅಲ್ಲಿನ ಡಾಕ್ಟರು. ಆ ಮಾತು ಕೇಳಿ ತಮ್ಮನ ಹೆಂಡತಿ ನನಗೆ ಕೈ ಮುಗಿದಳು. ಭೂಮಿ ಬಾಯಿಬಿಡಬಾರದೇ ಅನಿಸಿತು. ಅವಳಿಗೆ ಎಲ್ಲವನ್ನೂ ಹೇಳಿದೆ, ಪೆನ್ಸಿಲಿನಲ್ಲಿ ಬರೆದದ್ದನ್ನೂ ಬಿಡದೆ. ಅವಳು ಮುಗಿದ ಕೈ ಇಳಿಸಿ ಗೋಡೆ ಕಡೆ ತಿರುಗಿ ಕೂತಳು. ಅಷ್ಟಾದರೂ ನನಗೆ ಸಲ್ಲಬೇಕಾದ್ದೇ.

ಮಧ್ಯಾಹ್ನ ಮೂರಕ್ಕೆ ಮನೆಗೆ ಬಂದೆ. ಅಮ್ಮ ಅಡುಗೆಮನೆಯಲ್ಲಿ ಬೀನ್ಸ್ ಸೋಸುತ್ತಾ ಕೂತಿದ್ದಳು. "ಅಂಕಿ ಬಂತಾ?" ಎಂದಳು, ತಲೆ ಎತ್ತದೆ.

ಅವಳ ಎದುರು ನೆಲದ ಮೇಲೆ ಕೂತೆ. ಮೊದಲು ಜೀವಕ್ಕೆ ಅಪಾಯವಿಲ್ಲ ಎಂದು ಹೇಳಿ, ಆಮೇಲೆ ಆಸ್ಪತ್ರೆ ಎಂದೆ. ಕೈಯಲ್ಲಿದ್ದ ಬೀನ್ಸ್ ಕೆಳಗೆ ಬಿತ್ತು. ಅವಳು ಏಳಲು ಹೋದಳು, ಭುಜ ಹಿಡಿದು ಕೂರಿಸಿದೆ. "ಅಮ್ಮ, ಒಂದು ವಿಷಯ ನೆನಪು ಮಾಡ್ಕೊಂಡು ಹೇಳು. ಅಪ್ಪನ ಹಿಮ್ಮಡಿ ಹೇಗಿತ್ತು?"

"ಇದೇನೇ ಈಗ ಹಿಮ್ಮಡಿ?"

"ಹೇಳಮ್ಮ."

"ದಪ್ಪ ಗಂಟು. ಹಿಂದೆ ಪಟ್ಟಿ ಇರೋ ಚಪ್ಪಲಿ ತಾಗತ್ತೆ ಅಂತ ಹಾಕ್ತಾನೇ ಇರಲಿಲ್ಲ. ಮೆಷಿನ್ ಹತ್ರ ನಿಂತೂ ನಿಂತೂ ಹಾಗಾಗಿದೆ ಅಂತಿದ್ರು. ನಾನು ಎಣ್ಣೆ ಬಿಸಿ ಮಾಡಿ ತಿಕ್ತಿದ್ದೆ." ಹೇಳುತ್ತಾ ಹೇಳುತ್ತಾ ಅವಳ ಬೆರಳು ಗಾಳಿಯಲ್ಲೇ ತಿಕ್ಕಿದವು. ನನ್ನ ಮುಖ ನೋಡಿ ನಿಲ್ಲಿಸಿದಳು. "ಯಾಕೇ? ಕಡ್ಡೀಗೂ ಇದೆಯಲ್ಲ ಅದು."

ಆಗ ಹೇಳಿದೆ. ಇದು ತಿಂದು ಬರುವುದಲ್ಲ, ಹುಟ್ಟುತ್ತಲೇ ಬರುವುದು. ಅಪ್ಪನ ರಕ್ತದಲ್ಲಿತ್ತು, ಅವನಿಗೂ ಬಂದಿದೆ. ಅಪ್ಪನ ಎದೆಯ ನಾಳ ಆ ರಜೆಗಿಂತ ಎಷ್ಟೋ ವರ್ಷ ಮೊದಲೇ ಕಟ್ಟುತ್ತಾ ಬಂದಿತ್ತು. ಅವತ್ತು ಅವರು ಊಟವನ್ನೇ ಮಾಡದಿದ್ದರೂ ಇವತ್ತಲ್ಲ ನಾಳೆ ಹೋಗುತ್ತಿದ್ದರು.

ಅಮ್ಮ ತನ್ನ ಬಲಗೈ ನೋಡಿಕೊಂಡಳು. "ಹಾಗಾದ್ರೆ ಅವತ್ತು ನಾನು ಬಡಿಸಿದ್ದು?"

"ಅದಕ್ಕಲ್ಲಮ್ಮ. ನಿನ್ನ ಕೈಯಿಂದ ಏನೂ ಆಗಿಲ್ಲ. ಅಜ್ಜಿಗೆ ಏನು ಗೊತ್ತಿತ್ತು? ಮೂವತ್ತು ವರ್ಷದಿಂದ ಸುಮ್ಮನೆ ಹೊತ್ಕೊಂಡಿದೀಯ. ಇಳಿಸಮ್ಮ ಇನ್ನಾದ್ರೂ."

ಎಷ್ಟು ವರ್ಷದಿಂದ ಅವಳಿಗೆ ಈ ಮಾತು ಹೇಳಬೇಕೆಂದಿದ್ದೆ, ಆಧಾರ ಸಮೇತ, ಲ್ಯಾಬಿನ ಹಾಳೆ ಕೈಯಲ್ಲಿ ಹಿಡಿದು. ಅವಳು ಅಳುತ್ತಾಳೆ, ಅತ್ತು ಹಗುರಾಗುತ್ತಾಳೆ, ನಾನು ಮಾಡಿದ್ದರಲ್ಲಿ ಇದೊಂದಾದರೂ ಒಳ್ಳೆಯದಾಗುತ್ತದೆ ಎಂದು ಕಾದೆ. ಅವಳು ಅಳಲಿಲ್ಲ.

"ಪುಟ್ಟಿಗೆ?" ಎಂದಳು.

"ಗೊತ್ತಿಲ್ಲ. ಇರಬಹುದು, ಇಲ್ಲದೇನೂ ಇರಬಹುದು. ಅರ್ಧಕ್ಕರ್ಧ. ನಾಳೆ ಬೆಳಿಗ್ಗೆ ರಕ್ತ ತೆಗೀತೀನಿ. ಈಗ ಮಾತ್ರೆ ಇದೆಯಮ್ಮ, ಅಪ್ಪನ ಕಾಲದ ಹಾಗಲ್ಲ, ಚಿಕ್ಕ ವಯಸ್ಸಲ್ಲೇ ಗೊತ್ತಾದ್ರೆ..."

ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಬೀನ್ಸ್ ಒಂದೊಂದಾಗಿ ಎತ್ತಿ ತಟ್ಟೆಗೆ ಹಾಕಿದಳು. ಆಮೇಲೆ ನನ್ನ ಮೊಣಕೈ ಹಿಡಿದು, ಏನನ್ನೋ ಬೇಡುವವಳಂತೆ ಕೇಳಿದಳು:

"ನಾನು ಬಡಿಸಿದ್ದಕ್ಕೇ ಅವರು ಹೋದ್ರು ಅಂತಾನೇ ಇರಬಾರದಿತ್ತೇನೇ? ಇಷ್ಟು ವರ್ಷ ಹೊತ್ತಿದ್ದೆ, ಸಾಯೋವರೆಗೂ ಹೊರ್ತಿದ್ದೆ. ನನ್ನ ತಪ್ಪಾಗಿದ್ರೆ ನನ್ನ ಜೊತೆಗೇ ಮುಗೀತಿತ್ತಲ್ಲೇ."